ಹೆದ್ದಾರಿಯ ಹೆಣಕ್ಕೆ ಹೆಸರು ಸಿಗುವ ಬಗೆ

ಸುಮಾರು 35ರಿಂದ 40 ವರ್ಷದ ಗಂಡಸು, ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಮೈಮೇಲೆ ನೀಲಿ ಗೆರೆಯ ಅಂಗಿ. ವಾರಸುದಾರರು ಇದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕು. ಇಂಥ ನಾಲ್ಕು ಸಾಲಿನ ಪ್ರಕಟಣೆಯನ್ನು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಕಾಣದವರು ಚಿತ್ರದುರ್ಗದ ಸೀಮೆಯಲ್ಲಿ ಯಾರೂ ಇರಲಾರರು. ಕಂಡು ಪುಟ ಮಗುಚುತ್ತೇವೆ. ಆ ಚಹರೆ ನಮಗೆ ಗೊತ್ತಿರುವ ಯಾರಿಗೂ ಹೊಂದುವುದಿಲ್ಲ. ಹೊಂದಬೇಕಾದ ಮನೆ ನಾಮಕ್ಕಲ್ಲಿನಲ್ಲೋ ಲಾತೂರಿನಲ್ಲೋ ಇರುತ್ತದೆ. ಅಲ್ಲಿಗೆ ಈ ಪತ್ರಿಕೆ ಹೋಗುವುದಿಲ್ಲ, ಹೋದರೂ ಅಲ್ಲಿನವರಿಗೆ ಕನ್ನಡ ಓದಲು ಬಾರದು. ಹೆದ್ದಾರಿಯಲ್ಲಿ ನಡೆದ ಕೊಲೆಗಳು ಹತ್ತಾರು ವರ್ಷ ಪತ್ತೆಯಾಗದೆ ಉಳಿಯುವುದಕ್ಕೆ ಮೊದಲ ಕಾರಣ ಈ ದೂರ.

ಹಿರಿಯೂರಿನಲ್ಲಿ ನಿಂತು ನೋಡಿದರೆ ಆ ದೂರದ ಅಳತೆ ತಿಳಿಯುತ್ತದೆ. ಬೆಂಗಳೂರಿನಿಂದ ಪುಣೆಯ ಕಡೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 48, ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ‘ಎನ್‌ಎಚ್ ಫೋರ್’, ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಜೇವರ್ಗಿಯಿಂದ ಬಳ್ಳಾರಿ, ಚಳ್ಳಕೆರೆ ದಾಟಿ ಬಂದು ಹುಳಿಯಾರು, ಮೈಸೂರು, ಚಾಮರಾಜನಗರಕ್ಕೆ ಇಳಿಯುವ 150ಎ ಇಲ್ಲಿಯೇ ಅದನ್ನು ಕೂಡುತ್ತದೆ. ನಲವತ್ತು ಕಿಲೋಮೀಟರ್ ಆಚೆ ಚಿತ್ರದುರ್ಗದಲ್ಲಿ ವಿಜಯಪುರ, ಹೊಸಪೇಟೆಯ ಕಡೆಯಿಂದ ಬರುವ ರಸ್ತೆಯೂ ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುವ ರಸ್ತೆಯೂ ಸೇರುತ್ತವೆ. ಗುಜರಾತಿನ ಟೈಲ್ಸು, ಮಹಾರಾಷ್ಟ್ರದ ಈರುಳ್ಳಿ, ತಮಿಳುನಾಡಿನ ಮೊಟ್ಟೆ, ಸಂಡೂರಿನ ಅದಿರು ಎಲ್ಲವೂ ಹೋಗುವುದು ಇದೇ ದಾರಿಯಲ್ಲಿ. ಜೊತೆಗೆ ಡ್ರೈವರು, ಕ್ಲೀನರು, ಗುಳೆ ಹೊರಟ ಸಂಸಾರ, ಮನೆ ಬಿಟ್ಟು ಬಂದ ಹುಡುಗಿ. ಜವಗೊಂಡನಹಳ್ಳಿ ದಾಟಿ ಸ್ವಲ್ಪ ಹೋದರೆ ಶಿರಾ ತಾಲ್ಲೂಕು. ಅಲ್ಲಿಂದ ಜಿಲ್ಲೆ ಬೇರೆ, ಪೊಲೀಸ್ ವಲಯ ಬೇರೆ. ಧರ್ಮಪುರದ ಆಚೆ ರಾಜ್ಯವೇ ಬೇರೆ. ಕೊಂದವನಿಗೆ ಅರ್ಧ ಗಂಟೆಯ ದಾರಿಯಾದದ್ದು ತನಿಖೆಗೆ ಮೂರು ಕಚೇರಿಗಳ ಪತ್ರವ್ಯವಹಾರ.

ಶವ ಸಿಕ್ಕ ಠಾಣೆಯಲ್ಲಿ ಆಗುವುದಿಷ್ಟು. ಗಾಯ ಎದ್ದು ಕಾಣುತ್ತಿದ್ದರೆ ಕೊಲೆ ಪ್ರಕರಣ, ಇಲ್ಲವಾದರೆ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಸ್ಥಳ ಮಹಜರು, ಶವಪರೀಕ್ಷೆ, ಫೋಟೊ, ಅಕ್ಕಪಕ್ಕದ ಠಾಣೆಗಳಿಗೆ ಚಹರೆಪಟ್ಟಿ. ಶವಾಗಾರದಲ್ಲಿ ಕೆಲವು ದಿನ ಇಟ್ಟು, ಯಾರೂ ಬರದಿದ್ದರೆ ಸ್ಥಳೀಯ ಸಂಸ್ಥೆಯ ಖರ್ಚಿನಲ್ಲಿ ಹೂಳುವುದು. ವರ್ಷ ಕಳೆದು ಸುಳಿವು ಸಿಗದಿದ್ದರೆ ‘ಸಿ ರಿಪೋರ್ಟ್’: ಅಪರಾಧ ನಡೆದಿರುವುದು ನಿಜ, ಮಾಡಿದವರು ಪತ್ತೆಯಾಗಿಲ್ಲ. ಅದೇ ಹೊತ್ತಿಗೆ ನೂರಾರು ಮೈಲಿ ಆಚೆಯ ಇನ್ನೊಂದು ಠಾಣೆಯಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ದೂರೊಂದು ಬಿದ್ದಿರುತ್ತದೆ. ದಶಕಗಳ ನಂತರ ಬಗೆಹರಿದ ಪ್ರಕರಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ದೇಶ ಯಾವುದಾದರೂ ಇರಲಿ, ಬಹುಪಾಲು ಕಡೆ ಆಗಿರುವುದು ಒಂದೇ: ಹೀಗೆ ಬೇರೆ ಬೇರೆ ಕಪಾಟುಗಳಲ್ಲಿದ್ದ ಕಡತಗಳನ್ನು ಯಾರೋ ಒಟ್ಟಿಗೆ ಬಿಚ್ಚಿ ಓದಿದರು. ಡಿಎನ್‌ಎ, ಮೊಬೈಲು, ಕಂಪ್ಯೂಟರು ಎಲ್ಲವೂ ಆ ಓದಿಗೆ ನೆರವಾದ ಸಾಧನಗಳು.

ಈ ಪಾಠ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ದಾರಿಗಳ್ಳರನ್ನು ಹಿಡಿದದ್ದು ಕಂಪನಿಯ ದಾಖಲೆಗಳಲ್ಲಿದೆ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಕೊರಳಿಗೆ ಉರುಲು ಬಿಗಿದು ಕೊಂದು, ಹೂತು ಮುಂದೆ ಹೋಗುತ್ತಿದ್ದ ಇವರನ್ನು ದಕ್ಷಿಣದಲ್ಲಿ ಫಾಂಸಿಗಾರರು ಎನ್ನುತ್ತಿದ್ದರು. ಮದರಾಸಿನಲ್ಲಿದ್ದ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಇವರ ಬಗ್ಗೆ ಬರೆದ ಲೇಖನ ಮುಂದೆ ವಿಲಿಯಂ ಸ್ಲೀಮನ್‌ನ ಠಕ್ಕರ ಬೇಟೆಗೆ ದಾರಿ ತೋರಿಸಿತು. ದಾರಿಯಲ್ಲಿ ಕೊಲೆಯಾದವನನ್ನು ಹುಡುಕುವವರು ತಿಂಗಳುಗಟ್ಟಲೆ ಯಾರೂ ಇರುತ್ತಿರಲಿಲ್ಲ. ಹೊರಟ ಊರಿನವರು ತಲುಪಿರಬೇಕು ಎಂದುಕೊಂಡರು, ತಲುಪಬೇಕಾದ ಊರಿನವರು ಇನ್ನೂ ಹೊರಟಿಲ್ಲ ಎಂದುಕೊಂಡರು. ಸ್ಲೀಮನ್ ಮಾಡಿದ್ದು ಸಿಕ್ಕಿಬಿದ್ದವರನ್ನು ಮಾಫಿಸಾಕ್ಷಿಗಳಾಗಿ ತಿರುಗಿಸಿಕೊಂಡು ಹೂತ ಜಾಗಗಳನ್ನು ಅಗೆಸಿದ್ದು, ಠಕ್ಕರ ಮನೆತನಗಳ ವಂಶಾವಳಿ ಬರೆಸಿದ್ದು. ಆ ವಿಧಾನದ ಕೆಡುಕನ್ನೂ ಹೇಳಬೇಕು. 1836ರ ಕಾಯ್ದೆಯ ಪ್ರಕಾರ ಗುಂಪಿಗೆ ಸೇರಿದವನೆಂದು ತೀರ್ಮಾನವಾದರೆ ಸಾಕು, ಜೀವಾವಧಿ ಶಿಕ್ಷೆ. ಮಾಫಿಸಾಕ್ಷಿಗಳ ಬಾಯಿಮಾತಿನ ಮೇಲೆ ಎಷ್ಟು ನಿರಪರಾಧಿಗಳು ಹೋದರೋ ಎಂದು ಇತಿಹಾಸಕಾರರು ಇಂದಿಗೂ ಕೇಳುತ್ತಾರೆ.

ಸತ್ತವರ ಗುರುತು ಹಿಡಿಯುವುದನ್ನು ವಿಜ್ಞಾನವಾಗಿ ಮಾಡಿದ ಮೊದಲ ದೊಡ್ಡ ಪ್ರಕರಣಗಳಲ್ಲಿ ಒಂದು ಕೂಡ ರಸ್ತೆ ಬದಿಯದೇ. 1935ರ ಸೆಪ್ಟೆಂಬರ್ ಕೊನೆಯಲ್ಲಿ ಸ್ಕಾಟ್ಲೆಂಡಿನ ಮಾಫಟ್ ಹತ್ತಿರ ಹೆದ್ದಾರಿ ಸೇತುವೆಯ ಕೆಳಗಿನ ಹಳ್ಳದಲ್ಲಿ ಇಬ್ಬರು ಹೆಂಗಸರ ದೇಹದ ತುಂಡುಗಳು ಕಾಗದದಲ್ಲಿ ಸುತ್ತಿಬಿದ್ದಿದ್ದವು. ಮುಖ, ಬೆರಳ ತುದಿ ಮುಂತಾದ ಗುರುತುಗಳನ್ನು ಬಲ್ಲವನೊಬ್ಬ ಕೊಯ್ದು ತೆಗೆದಿದ್ದ. ಆದರೆ ಸುತ್ತಿದ ಕಾಗದಗಳಲ್ಲಿ ಒಂದು, ಲ್ಯಾಂಕಾಸ್ಟರ್ ಸುತ್ತಲಿನ ಊರುಗಳಿಗೆ ಮಾತ್ರ ಹಂಚುತ್ತಿದ್ದ ಭಾನುವಾರದ ಪತ್ರಿಕೆಯ ವಿಶೇಷ ಆವೃತ್ತಿ. ಶವ ಸಿಕ್ಕಿದ್ದು ಸ್ಕಾಟ್ಲೆಂಡಿನಲ್ಲಿ, ಹುಡುಕಬೇಕಾದ್ದು ನೂರು ಮೈಲಿ ಕೆಳಗೆ ಇಂಗ್ಲೆಂಡಿನಲ್ಲಿ ಎಂದು ಆ ಹಾಳೆ ಹೇಳಿಬಿಟ್ಟಿತು. ಕೊಂದವನು ಮುಂಬಯಿಯಲ್ಲಿ ಹುಟ್ಟಿ ಕಲಿತ ಪಾರ್ಸಿ ವೈದ್ಯ ಬಕ್ ರಕ್ಸ್‌ಟನ್. ಸತ್ತವರು ಅವನ ಹೆಂಡತಿ ಮತ್ತು ಮನೆಗೆಲಸದ ಹುಡುಗಿ. ತಲೆಬುರುಡೆಯ ಚಿತ್ರವನ್ನು ಜೀವಂತವಿದ್ದಾಗಿನ ಫೋಟೊದ ಮೇಲೆ ಕೂರಿಸಿ ಹೋಲಿಸಿ ನೋಡುವ ಕ್ರಮ ಆ ಮೊಕದ್ದಮೆಯಿಂದ ಜಗತ್ತಿಗೆ ಪರಿಚಯವಾಯಿತು. ಅದೇ ಕ್ರಮ ಡಿಎನ್‌ಎ ಜೊತೆಗೆ ಸೇರಿ ಬೆಂಗಳೂರಿನ ಶಾಕೆರೆ ಖಲೀಲಿ ಪ್ರಕರಣದಲ್ಲಿ ಬಳಕೆಯಾಯಿತು. 1991ರಲ್ಲಿ ಕಾಣೆಯಾಗಿದ್ದ ಅವರ ಮೂಳೆಗಳು 1994ರಲ್ಲಿ ಅವರದೇ ಮನೆಯಂಗಳದಲ್ಲಿ ಸಿಕ್ಕಿದವು. ಅಲ್ಲಿಯತನಕ ಹುಡುಕಾಟವನ್ನು ಬಿಡದೆ ಹಿಡಿದವರು ಅವರ ಮಗಳು.

ಕರ್ನಾಟಕದಲ್ಲಿ ಈ ಇಡೀ ಪ್ರಶ್ನೆಗೆ ಅತ್ಯಂತ ಕ್ರೂರವಾದ ಉದಾಹರಣೆ ಸಯನೈಡ್ ಮೋಹನನದು. 2003ರಿಂದ 2009ರವರೆಗೆ ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ ಮುಂತಾದ ಕಡೆ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ಯುವತಿಯರು ಸತ್ತು ಬಿದ್ದರು. ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಒಳ್ಳೆಯ ಸೀರೆ, ಮೈಮೇಲೆ ಒಡವೆಯಿಲ್ಲ, ಗುರುತಿಗೆ ಒಂದು ಚೀಟಿಯೂ ಇಲ್ಲ. ಎಲ್ಲ ಕಡೆ ಯುಡಿಆರ್ ದಾಖಲಾಯಿತು. ಆತ್ಮಹತ್ಯೆಯಿರಬಹುದು, ಮೂರ್ಛೆ ರೋಗವಿರಬಹುದು. ಕೆಲವರ ಒಳಾಂಗ ಪರೀಕ್ಷೆಯಲ್ಲಿ ಸಯನೈಡ್ ಇದೆಯೆಂದು ಪ್ರಯೋಗಾಲಯ ವರದಿ ಕೊಟ್ಟಾಗಲೂ ಆ ವರದಿ ಆಯಾ ಠಾಣೆಯ ಕಡತದೊಳಗೆ ಹೋಗಿ ಕೂತಿತು. ಸಯನೈಡ್ ನುಂಗಿ ಬಸ್ ನಿಲ್ದಾಣದಲ್ಲಿ ಸತ್ತ ಎರಡನೆಯ ಹೆಣ್ಣು, ಮೂರನೆಯ ಹೆಣ್ಣು ಎಂದು ಎಣಿಸುವ ಮೇಜು ಎಲ್ಲಿಯೂ ಇರಲಿಲ್ಲ.

ಇತ್ತ ದಕ್ಷಿಣ ಕನ್ನಡ, ಕೊಡಗು, ಕಾಸರಗೋಡಿನ ಹಳ್ಳಿಗಳಲ್ಲಿ ಅದೇ ಹೆಣ್ಣುಮಕ್ಕಳು ‘ಯಾರ ಜೊತೆಗೋ ಹೋದವರು’ ಆಗಿದ್ದರು. ಬೀಡಿ ಕಟ್ಟುವವರು, ಕೂಲಿಗೆ ಹೋಗುವವರು, ವರದಕ್ಷಿಣೆ ಕೊಡಲಾಗದ ಮನೆಗಳಲ್ಲಿ ಮದುವೆ ನಿಂತುಹೋಗಿದ್ದವರು. ಅನೇಕ ಮನೆಗಳು ದೂರನ್ನೇ ಕೊಡಲಿಲ್ಲ. ಮರ್ಯಾದೆಗೆ ಅಂಜಿದರು, ಅಥವಾ ಎಲ್ಲೋ ಚೆನ್ನಾಗಿದ್ದಾಳೆ ಎಂದು ನಂಬಿಕೊಂಡರು. 2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಬರಿಮಾರಿನ ಯುವತಿಯೊಬ್ಬಳು ಕಾಣೆಯಾದಾಗ ಮಾತ್ರ ಊರು ಸುಮ್ಮನಿರಲಿಲ್ಲ. ಅನ್ಯಧರ್ಮದವನ ಜೊತೆ ಓಡಿಹೋಗಿದ್ದಾಳೆ ಎಂಬ ಗುಲ್ಲೆದ್ದು ಜನ ಠಾಣೆಯ ಮುಂದೆ ಸೇರಿದರು. ಆ ಗುಲ್ಲು ಸುಳ್ಳಾಗಿತ್ತು. ಆದರೆ ಒತ್ತಡಕ್ಕೆ ಸಿಕ್ಕ ಪೊಲೀಸರು ಆಕೆಯ ಮೊಬೈಲ್ ಕರೆಗಳ ಪಟ್ಟಿಯನ್ನು ನಿಜವಾಗಿ ಓದಿದರು. ಒಂದು ನಂಬರು ಮಡಿಕೇರಿಯ ಇನ್ನೊಬ್ಬ ಹೆಣ್ಣಿನದು, ಆಕೆಯೂ ಕಾಣೆಯಾಗಿದ್ದಳು. ಆಕೆಯ ಜಾಡು ಹಿಡಿದರೆ ಕಾಣೆಯಾದ ಮತ್ತೊಬ್ಬಳು. ಕೊನೆಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಕೈಗೆ ಸಿಕ್ಕವನು ಹಿಂದೆ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಕನಾಗಿದ್ದ ಮೋಹನ್ ಕುಮಾರ್. ಮದುವೆಯಾಗುತ್ತೇನೆಂದು ಕರೆದೊಯ್ದು, ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಒಡವೆಗಳನ್ನು ರೂಮಿನಲ್ಲೇ ಬಿಚ್ಚಿಡಿಸಿ, ಗರ್ಭ ನಿಲ್ಲದಿರಲು ಮಾತ್ರೆ ಎಂದು ಸಯನೈಡ್ ಕೊಡುತ್ತಿದ್ದ. ನುಂಗಿದ ಮೇಲೆ ಶೌಚಕ್ಕೆ ಹೋಗಬೇಕಾಗುತ್ತದೆ, ಅಲ್ಲಿಯೇ ತೆಗೆದುಕೋ ಎನ್ನುತ್ತಿದ್ದ.

ಆ ಬಂಧನದ ನಂತರ ನಡೆದ ಕೆಲಸವನ್ನು ನಾನು ಈ ವಿಷಯದ ತಿರುಳು ಎಂದು ತಿಳಿದಿದ್ದೇನೆ. ಪೊಲೀಸರು ಊರೂರಿನ ಠಾಣೆಗಳಿಗೆ ಹೋಗಿ ಬಸ್ ನಿಲ್ದಾಣದ ಹಳೆಯ ಯುಡಿಆರ್ ಕಡತಗಳನ್ನು ತೆಗೆಸಿದರು. ಮಹಜರಿನ ಫೋಟೊಗಳನ್ನು ಕಾಣೆಯಾದವರ ಮನೆಗಳಿಗೆ ಒಯ್ದು ತೋರಿಸಿದರು. ಸೀರೆಯ ಬಣ್ಣ, ಲಾಡ್ಜಿನ ರಿಜಿಸ್ಟರಿನ ಕೈಬರಹ, ಒಡವೆ ಒತ್ತೆಯಿಟ್ಟ ರಸೀದಿ ಒಂದಕ್ಕೊಂದು ಕೂಡಿಕೊಂಡವು. ಇಪ್ಪತ್ತು ಹೆಣ್ಣುಮಕ್ಕಳಿಗೆ ಹೆಸರು ಸಿಕ್ಕಿತು. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಮೂರು ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. ಬರಿಮಾರಿನ ಪ್ರಕರಣದಲ್ಲಿ ಅದನ್ನು ಹೈಕೋರ್ಟ್ 2017ರಲ್ಲಿ ಸಾಯುವವರೆಗಿನ ಸೆರೆವಾಸಕ್ಕೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಆರು ವರ್ಷ ಯಾರಿಗೂ ಕಾಣದೆ ಹೋದ ಈ ಸಾವುಗಳ ಪುರಾವೆ ಅಷ್ಟೂ ದಿನ ಸರ್ಕಾರದ ಕಪಾಟುಗಳಲ್ಲೇ ಇತ್ತು. ಮೊದಲ ಎರಡು ಕಡತಗಳನ್ನು ಒಬ್ಬರು ಒಟ್ಟಿಗೆ ನೋಡಿದ್ದರೆ ಉಳಿದ ಎಷ್ಟೋ ಹೆಣ್ಣುಮಕ್ಕಳು ಇಂದು ನಡುವಯಸ್ಸಿನ ತಾಯಂದಿರಾಗಿರುತ್ತಿದ್ದರು.

ಗಡಿಯಾಚೆ ಕಾಸರಗೋಡಿನದು ಹದಿನೈದು ವರ್ಷದ ಕಥೆ. ಪರಿಶಿಷ್ಟ ಪಂಗಡದ ಹುಡುಗಿಯೊಬ್ಬಳು 2010ರಲ್ಲಿ ಕಾಞಂಗಾಡಿನಲ್ಲಿ ಓದುತ್ತಿದ್ದಾಗ ಕಾಣೆಯಾದಳು. ಮನೆಯವರು ಮತ್ತು ಸಮುದಾಯದ ಸಂಘಟನೆಗಳು ಬಿಡದೆ ಹೋರಾಡಿ ತನಿಖೆ ಕ್ರೈಂ ಬ್ರಾಂಚಿಗೆ ಹೋಗುವಂತೆ ಮಾಡಿದವು. ಗುರುತು ಸಿಗದ ಶವದ್ದೆಂದು ಉಳಿದಿದ್ದ ಮೂಳೆಯ ಡಿಎನ್‌ಎ ಆಕೆಯದೇ ಎಂದು ಹೊಂದಿದ ಮೇಲೆ 2025ರ ಮೇ ತಿಂಗಳಲ್ಲಿ ಆರೋಪಿಯ ಬಂಧನವಾಯಿತು. ಕೇರಳದ ಅಂಚಲ್‌ನಲ್ಲಿ 2006ರಲ್ಲಿ ತಾಯಿ ಮತ್ತು ಅವಳಿ ಹಸುಗೂಸುಗಳ ಕೊಲೆಯಾಗಿತ್ತು. ಆರೋಪಿಗಳ ಹಳೆಯ ಫೋಟೊಗಳಿಗೆ ಕಂಪ್ಯೂಟರಿನಲ್ಲಿ ವಯಸ್ಸು ಕೂಡಿಸಿ, ಜಾಲತಾಣದ ಚಿತ್ರಗಳ ಜೊತೆ ಹೋಲಿಸಿ, 2025ರ ಜನವರಿಯಲ್ಲಿ ಪುದುಚೇರಿಯಲ್ಲಿ ಹಿಡಿದರು. ಎರಡರಲ್ಲೂ ತೀರ್ಪು ನ್ಯಾಯಾಲಯದ್ದು. ಹದಿನೈದು, ಹತ್ತೊಂಬತ್ತು ವರ್ಷದ ಮೇಲೂ ಕಡತ ತೆರೆಯಬಹುದು ಎಂಬುದಕ್ಕೆ ಇಷ್ಟು ಸಾಕು.

ಲಾರಿ ಓಡಿಸುವವರ ಕೊಲೆಗಳದು ಇನ್ನೊಂದು ಬಗೆ, ಹಿರಿಯೂರಿಗೆ ಇದು ಹತ್ತಿರದ್ದು. 2018ರ ಸೆಪ್ಟೆಂಬರ್‌ನಲ್ಲಿ ಭೋಪಾಲದ ಬಳಿಯ ಮಂಡಿದೀಪದ ದರ್ಜಿಯೊಬ್ಬ ಸಿಕ್ಕಿಬಿದ್ದ. ಡಾಬಾಗಳಲ್ಲಿ ಡ್ರೈವರುಗಳ ಜೊತೆ ಮಾತಿಗೆ ಕೂತು, ಮತ್ತು ಬರಿಸಿ ಕೊಂದು, ಶವವನ್ನು ದೂರದ ಮೋರಿಗೋ ಕಾಡಿಗೋ ಎಸೆದು ಲಾರಿಯನ್ನೂ ಲೋಡನ್ನೂ ಮಾರುತ್ತಿದ್ದ ಗುಂಪು ಅದು. ಪೊಲೀಸರು ಹೇಳಿದ ಲೆಕ್ಕ 33 ಕೊಲೆ, ಹಲವು ರಾಜ್ಯಗಳಲ್ಲಿ, ಎಂಟು ವರ್ಷಗಳ ಅವಧಿಯಲ್ಲಿ. ಲೋಡಿನ ಸಮೇತ ಲಾರಿ ಕಾಣೆಯಾದಾಗ ಮೊದಲ ಅನುಮಾನ ಬೀಳುವುದು ಡ್ರೈವರಿನ ಮೇಲೆ. ಮಾಲೀಕ ಕಳವಿನ ದೂರು ಕೊಡುತ್ತಾನೆ. ಸತ್ತವನ ಹೆಸರು ಆರೋಪಿಯ ಜಾಗದಲ್ಲಿ ಬರುತ್ತದೆ. ಹೆಂಡತಿ ಮಕ್ಕಳು ಕಳ್ಳನ ಮನೆಯವರಾಗಿ ಬದುಕುತ್ತಾರೆ. ಗುರುತು ಸಿಗದ ಶವದ ಜೊತೆಗೆ ಒಂದು ಮನೆಯ ಮಾನವೂ ಹೂತುಹೋಗುವುದು ಹೀಗೆ. ಇಂಥ ಕಡೆ ಮೂವತ್ತು ವರ್ಷದ ಮೇಲೆ ಸತ್ಯ ತಿಳಿದರೂ ಅದು ತಡವಾಯಿತು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ದಶಕಗಳ ನಂತರ ಬಗೆಹರಿದ ಹೆದ್ದಾರಿ ಕೊಲೆಗಳಲ್ಲಿ ಜಗತ್ತಿಗೆ ಹೊಸ ದಾರಿ ತೆರೆದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ್ದು. 1987ರ ನವೆಂಬರ್‌ನಲ್ಲಿ ಕೆನಡಾದ ವಿಕ್ಟೋರಿಯಾ ಕಡೆಯ ಇಪ್ಪತ್ತು ವರ್ಷದ ಹುಡುಗ, ಹದಿನೆಂಟರ ಹುಡುಗಿ, ಹುಡುಗನ ತಂದೆಯ ವ್ಯಾಪಾರಕ್ಕೆ ಬೇಕಾದ ಸಾಮಾನು ತರಲು ವ್ಯಾನಿನಲ್ಲಿ ಸಿಯಾಟಲ್‌ಗೆ ಹೊರಟರು, ತಲುಪಲಿಲ್ಲ. ಹುಡುಗಿಯ ಶವ ಒಂದು ಕೌಂಟಿಯ ರಸ್ತೆ ಬದಿಯಲ್ಲಿ, ಹುಡುಗನದು ಬೇರೊಂದು ಕೌಂಟಿಯ ಸೇತುವೆಯ ಕೆಳಗೆ, ವ್ಯಾನು ಮತ್ತೊಂದು ಕೌಂಟಿಯ ಊರಿನಲ್ಲಿ ಸಿಕ್ಕಿದವು. ಕೊಂದವನ ಡಿಎನ್‌ಎ ಇತ್ತು, ಆದರೆ ಅಪರಾಧಿಗಳ ಭಂಡಾರದಲ್ಲಿ ಅದಕ್ಕೆ ಹೊಂದುವವನಿರಲಿಲ್ಲ. ಮೂವತ್ತು ವರ್ಷ ಹಾಗೇ ಕಳೆಯಿತು.

2018ರಲ್ಲಿ ವಂಶಾವಳಿ ತಜ್ಞೆ ಸೀಸೀ ಮೂರ್, ಜನ ತಮ್ಮ ನೆಂಟರನ್ನು ಹುಡುಕಿಕೊಳ್ಳಲು ಸ್ವತಃ ಡಿಎನ್‌ಎ ವಿವರ ಹಾಕಿದ್ದ ಜಿಇಡಿಮ್ಯಾಚ್ ಎಂಬ ತಾಣದಲ್ಲಿ ಆ ಡಿಎನ್‌ಎಗೆ ದೂರದ ಇಬ್ಬರು ಬಂಧುಗಳನ್ನು ಕಂಡರು. ಒಬ್ಬರು ತಂದೆಯ ಕಡೆ, ಒಬ್ಬರು ತಾಯಿಯ ಕಡೆ. ಹಳೆಯ ಜನನ, ಮದುವೆ, ಮರಣದ ದಾಖಲೆಗಳನ್ನು ಹಿಡಿದು ಎರಡೂ ಮನೆತನಗಳ ಕೊಂಬೆಗಳನ್ನು ಇಳಿಸುತ್ತ ಬಂದರೆ ಎರಡೂ ಕೂಡಿದ್ದು ಒಂದೇ ಮದುವೆಯಲ್ಲಿ. ಆ ದಂಪತಿಗೆ ಇದ್ದದ್ದು ಒಬ್ಬನೇ ಮಗ. ವಿಲಿಯಂ ಅರ್ಲ್ ಟಾಲ್ಬಟ್ ಲಾರಿ ಡ್ರೈವರ್. ಯಾವ ಶಂಕಿತರ ಪಟ್ಟಿಯಲ್ಲೂ ಅವನ ಹೆಸರಿರಲಿಲ್ಲ. ಹುಡುಗನ ಶವ ಸಿಕ್ಕ ಸೇತುವೆಯಿಂದ ಕೆಲವೇ ಮೈಲಿಯಲ್ಲಿ ಆಗ ಅವನ ತಂದೆತಾಯಿಯ ಮನೆಯಿತ್ತು. ಲಾರಿಯಿಂದ ಕೆಳಗೆ ಬಿದ್ದ ಅವನ ಕಾಫಿ ಕಪ್ಪನ್ನು ಪೊಲೀಸರು ಎತ್ತಿಕೊಂಡು ಪರೀಕ್ಷಿಸಿದರು, ಹೊಂದಿತು. 2019ರ ಜೂನ್‌ನಲ್ಲಿ ಜ್ಯೂರಿ ಅವನನ್ನು ಅಪರಾಧಿ ಎಂದಿತು. ಮೇಲ್ಮನವಿಯಲ್ಲಿ ಆ ತೀರ್ಪು 2021ರಲ್ಲಿ ರದ್ದಾಗಿ, 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಊರ್ಜಿತವಾಯಿತು. ಈ ವಿಧಾನದಿಂದ ಹಿಡಿದವನಿಗೆ ಜ್ಯೂರಿಯ ಮುಂದೆ ಶಿಕ್ಷೆಯಾದ ಮೊದಲ ಪ್ರಕರಣ ಇದು.

ಕೆನಡಾದ ‘ಕಣ್ಣೀರಿನ ಹೆದ್ದಾರಿ’ಯ ಪ್ರಕರಣಗಳಿಗೆ ಇಂಥ ಮುಕ್ತಾಯ ಸಿಕ್ಕಿದ್ದು ಕಡಿಮೆ. ಅಲ್ಲಿನ ಹೆದ್ದಾರಿ 16 ಮತ್ತು ಅದಕ್ಕೆ ಕೂಡುವ ರಸ್ತೆಗಳಲ್ಲಿ ಕೊಲೆಯಾದ, ಕಾಣೆಯಾದ 18 ಹೆಣ್ಣುಮಕ್ಕಳ ಪ್ರಕರಣಗಳನ್ನು ಒಟ್ಟು ನೋಡಲು 2005ರಲ್ಲಿ ವಿಶೇಷ ತಂಡ ರಚನೆಯಾಯಿತು. ಆ ದಾರಿಯಲ್ಲಿ ಕಾಣೆಯಾದವರಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳೇ ಹೆಚ್ಚು. ಬಸ್ಸಿಲ್ಲದ ಊರುಗಳಿಂದ ಕೈ ತೋರಿಸಿ ವಾಹನ ಹತ್ತುತ್ತಿದ್ದವರು. 1974ರಲ್ಲಿ ಸತ್ತ ಹದಿನಾರರ ಹುಡುಗಿಯ ಬಟ್ಟೆಯಲ್ಲಿದ್ದ ಡಿಎನ್‌ಎ ಬಾಬಿ ಜ್ಯಾಕ್ ಫೌಲರ್ ಎಂಬವನದೆಂದು 2012ರಲ್ಲಿ ತಿಳಿದಾಗ ಅವನು ಅಮೆರಿಕದ ಜೈಲಿನಲ್ಲಿ ಸತ್ತು ಆರು ವರ್ಷವಾಗಿತ್ತು. ಅಮೆರಿಕದಲ್ಲಿ ಓಕ್ಲಹೋಮದ ಅಪರಾಧ ವಿಶ್ಲೇಷಕಿಯೊಬ್ಬರು ಒಂದೇ ಹೆದ್ದಾರಿಯ ಉದ್ದಕ್ಕೂ ಬೇರೆ ಬೇರೆ ರಾಜ್ಯಗಳಲ್ಲಿ ಸಿಕ್ಕ ಹೆಂಗಸರ ಶವಗಳಲ್ಲಿ ಒಂದೇ ಕೈಯ ಗುರುತು ಕಂಡರು. ಅದರಿಂದ 2004ರಲ್ಲಿ ಹೆದ್ದಾರಿ ಕೊಲೆಗಳನ್ನು ಒಟ್ಟಾಗಿ ನೋಡುವ ಎಫ್‌ಬಿಐ ಯೋಜನೆ ಹುಟ್ಟಿತು. ಅದನ್ನು 2009ರಲ್ಲಿ ಸಾರ್ವಜನಿಕವಾಗಿ ಪ್ರಕಟಿಸುವ ಹೊತ್ತಿಗೆ ಪಟ್ಟಿಯಲ್ಲಿ 500ಕ್ಕೂ ಹೆಚ್ಚು ಬಲಿಯಾದವರಿದ್ದರು. ಮೈಸೂರು, ಬೆಂಗಳೂರಿನ ಬಸ್ ನಿಲ್ದಾಣಗಳ ಮಟ್ಟಿಗೆ ನಮಗಿಲ್ಲದೆ ಹೋದದ್ದು ಅಂಥ ಒಬ್ಬ ವಿಶ್ಲೇಷಕಿಯ ಕುರ್ಚಿ.

ಇಲ್ಲಿಯೇ ಎಚ್ಚರದ ಮಾತನ್ನೂ ಹೇಳಬೇಕು. ಎರಡು ಕಡತಗಳನ್ನು ಕೂಡಿಸುವುದು ಎಷ್ಟು ಮುಖ್ಯವೋ ಸರಿಯಾದ ಎರಡನ್ನು ಕೂಡಿಸುವುದು ಅಷ್ಟೇ ಮುಖ್ಯ. ಕುಶಾಲನಗರ ಸೀಮೆಯ ಆದಿವಾಸಿ ಕೂಲಿಕಾರನೊಬ್ಬ ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಸಿಕ್ಕ ಹೆಂಗಸಿನ ಅಸ್ಥಿಪಂಜರ ಆಕೆಯದೇ ಎಂದು ಪೊಲೀಸರು ತೀರ್ಮಾನಿಸಿ ದೂರು ಕೊಟ್ಟವನನ್ನೇ ಕೊಲೆಗಾರನೆಂದು ಜೈಲಿಗೆ ಕಳಿಸಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಮೊಕದ್ದಮೆ ನಡೆಯಿತು. 2025ರ ಏಪ್ರಿಲ್ ಒಂದರಂದು ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಪರಿಚಯದವರ ಕಣ್ಣಿಗೆ ಬಿದ್ದಳು, ಜೀವಂತವಾಗಿ. ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ದೇಶವೆಲ್ಲ ಆ ಗಂಡನ ಬಗ್ಗೆ ಮರುಗಿತು, ಮರುಗಬೇಕಾದದ್ದೇ. ಆದರೆ ಆ ಸೀರೆ, ಆ ಬಳೆ ತೊಟ್ಟು ಬೆಟ್ಟದಪುರದ ಬಯಲಿನಲ್ಲಿ ಸತ್ತ ಹೆಂಗಸು ಯಾರು? ತಪ್ಪು ಹೆಸರು ಕೊಟ್ಟದ್ದರಿಂದ ಅಷ್ಟು ವರ್ಷ ಆಕೆಯ ನಿಜವಾದ ಹೆಸರನ್ನು ಹುಡುಕುವ ಕೆಲಸವೇ ನಿಂತಿತು. ಅವಸರದ ತನಿಖೆಯಲ್ಲಿ ಹೀಗೆ ಇಬ್ಬರಿಗೆ ಅನ್ಯಾಯವಾಗುತ್ತದೆ.

ಡಿಎನ್‌ಎಯೂ ತಪ್ಪದ ದೇವರಲ್ಲ. ಜರ್ಮನಿಯಲ್ಲಿ ಹತ್ತಾರು ಅಪರಾಧಗಳ ಸ್ಥಳದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಗುತ್ತಿದೆಯೆಂದು ಪೊಲೀಸರು ವರ್ಷಗಟ್ಟಲೆ ಹುಡುಕಿದರು. ಅದು ಮಾದರಿ ಸಂಗ್ರಹಿಸುವ ಹತ್ತಿಕಡ್ಡಿಯನ್ನು ತಯಾರಿಸುವ ಕಡೆ ಅಂಟಿದ್ದೆಂದು 2009ರಲ್ಲಿ ತಿಳಿಯಿತು. ಮತ್ತೆ, ಡಿಎನ್‌ಎಯಿಂದ ಶಿಕ್ಷೆಯಾದ ಮೊದಲ ಕೊಲೆಗಾರನೆಂದು ಹೆಸರಾದ ಇಂಗ್ಲೆಂಡಿನ ಕಾಲಿನ್ ಪಿಚ್‌ಫೋರ್ಕ್ ಸಿಕ್ಕಿಬಿದ್ದದ್ದು ಪ್ರಯೋಗಾಲಯದಲ್ಲಿ ಅಲ್ಲ. ಅವನ ಬದಲು ರಕ್ತ ಕೊಟ್ಟ ಜೊತೆಗೆಲಸದವನು ಪಬ್ಬಿನಲ್ಲಿ ಬಾಯಿಬಿಟ್ಟಾಗ. ಅದೇ ಪ್ರಕರಣದಲ್ಲಿ ಅದಕ್ಕೂ ಮುಂಚೆ ತಪ್ಪೊಪ್ಪಿಕೊಂಡಿದ್ದ ಹದಿನೇಳರ ಹುಡುಗನನ್ನು ಉಳಿಸಿದ್ದು ಮಾತ್ರ ಡಿಎನ್‌ಎ. ಹಳೆಯ ಪ್ರಕರಣಗಳಲ್ಲಿ ಕಾಲ ಪುರಾವೆಯನ್ನು ತಿನ್ನುತ್ತದೆ, ಹಾಗೆಯೇ ಭಯವನ್ನೂ ನಿಷ್ಠೆಯನ್ನೂ ತಿನ್ನುತ್ತದೆ. ಅಂದು ಹೆದರಿ ಸುಮ್ಮನಿದ್ದ ಹೆಂಡತಿ ಇಂದು ಬಿಟ್ಟು ಹೋಗಿರುತ್ತಾಳೆ, ಪಾಲಿನ ವಿಚಾರಕ್ಕೆ ಜೊತೆಗಾರರು ಮುರಿದುಕೊಂಡಿರುತ್ತಾರೆ. ಇಪ್ಪತ್ತು ವರ್ಷದ ಮೇಲೆ ಮತ್ತೊಮ್ಮೆ ಹೋಗಿ ಕೇಳುವ ಅಧಿಕಾರಿಗೆ ಹೊಸ ಉತ್ತರ ಸಿಗುವುದು ಇದರಿಂದಲೇ.

ನಮ್ಮಲ್ಲಿ ವಿಜ್ಞಾನದ ಕೊರತೆಯಿದೆ ಎನ್ನಲಾಗದು. ಹೈದರಾಬಾದಿನ ಲಾಲ್‌ಜಿ ಸಿಂಗ್ 1980ರ ದಶಕದ ಕೊನೆಗೇ ಡಿಎನ್‌ಎ ಬೆರಳಚ್ಚಿನ ವಿಧಾನ ಬೆಳೆಸಿದ್ದರು; ಕೇರಳದ ತಲಶ್ಶೇರಿಯ ಪಿತೃತ್ವದ ವ್ಯಾಜ್ಯದಲ್ಲಿ ನಮ್ಮ ನ್ಯಾಯಾಲಯ ಅದನ್ನು ಒಪ್ಪಿತು. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ಪ್ರಯೋಗಾಲಯವಿದೆ, ಹಿರಿಯೂರಿಗೆ ಹತ್ತಿರದ ದಾವಣಗೆರೆಯಲ್ಲಿ ಪ್ರಾದೇಶಿಕ ಪ್ರಯೋಗಾಲಯವಿದೆ. ಕೊರತೆಯಿರುವುದು ಕೂಡಿಸಿ ನೋಡುವ ಏರ್ಪಾಡಿನಲ್ಲಿ. ಅಪರಾಧಿಗಳ ಜೊತೆಗೆ ಕಾಣೆಯಾದವರದ್ದು ಮತ್ತು ಗುರುತು ಸಿಗದ ಶವಗಳದ್ದು ಎಂದು ಪ್ರತ್ಯೇಕ ಡಿಎನ್‌ಎ ಪಟ್ಟಿಗಳನ್ನು ಇಡಲು ಹೊರಟಿದ್ದ 2019ರ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಲೋಕಸಭೆಯಿಂದ ಹಿಂತೆಗೆದುಕೊಂಡಿತು. 2022ರ ಗುರುತು ಕಾಯ್ದೆ ಬಂದಿದೆ, ಆದರೆ ಅದು ಮುಖ್ಯವಾಗಿ ಬಂಧಿತರ ಮತ್ತು ಅಪರಾಧಿಗಳ ಅಳತೆ ತೆಗೆದು 75 ವರ್ಷ ಇಡುವುದಕ್ಕೆ. ಮಸೂದೆಯ ಮೇಲೆ ಇದ್ದ ಖಾಸಗಿತನದ ಆಕ್ಷೇಪಗಳು ಹಗುರವಾದವಲ್ಲ. ಜನರ ರಕ್ತದ ವಿವರ ಸರ್ಕಾರದ ಕೈಯಲ್ಲಿ ಏನಾದೀತು ಎಂದು ಕೇಳುವುದು ನ್ಯಾಯ. ಆದರೆ ಮಗಳನ್ನು ಹುಡುಕುತ್ತಿರುವ ತಾಯಿ ತಾನಾಗಿ ಕೊಡುವ ಮಾದರಿಯನ್ನು ವಾರಸುದಾರರಿಲ್ಲದ ಮೂಳೆಗಳ ಜೊತೆ ಮಾತ್ರ ಹೋಲಿಸುವ ಪಟ್ಟಿಗೆ ಆ ಆಕ್ಷೇಪ ತಾಗುವುದಿಲ್ಲ. ಅದನ್ನು ಬೇರೆಯಾಗಿಯೇ ತರಬಹುದಿತ್ತು, ಈಗಲೂ ತರಬಹುದು.

2024ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎರಡು ಒಳ್ಳೆಯದನ್ನು ಮಾಡಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನದವರು ಬರಲೇಬೇಕು ಎಂದಿದೆ, ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು ಎಂಬುದನ್ನು ಕಾನೂನಿನಲ್ಲೇ ಬರೆದಿದೆ. ‘ಅದು ನಮ್ಮ ಸರಹದ್ದಲ್ಲ’ ಎಂಬ ಮಾತಿಗೆ ಈಗ ಆಧಾರವಿಲ್ಲ. ಆದರೆ ಯುಡಿಆರ್ ಎಂದು ದಾಖಲಾದ ಶವ ಮೊದಲನೆಯದರ ವ್ಯಾಪ್ತಿಗೆ ಬಾರದೆ ಹೋಗುವ ಅಪಾಯವಿದೆ, ಮೋಹನನ ಪ್ರಕರಣಗಳೆಲ್ಲ ಯುಡಿಆರ್‌ನಲ್ಲೇ ಶುರುವಾದವು. ಹೂಳುವ ಮುಂಚೆ ಹಲ್ಲು ಅಥವಾ ಮೂಳೆಯ ಮಾದರಿ ತೆಗೆದು ನಂಬರು ಹಾಕಿ ಇಡುವುದು, ಹೂತ ಜಾಗಕ್ಕೆ ಅದೇ ನಂಬರಿನ ಗುರುತು ಹಾಕುವುದು, ಹೆದ್ದಾರಿಯ ಶವದ ಚಹರೆಯನ್ನು ಕನ್ನಡದ ಜೊತೆಗೆ ತಮಿಳು, ತೆಲುಗು, ಮರಾಠಿ, ಹಿಂದಿಯಲ್ಲೂ ಪ್ರಕಟಿಸುವುದು, ಇವಕ್ಕೆ ದೊಡ್ಡ ಹಣ ಬೇಡ. ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆಯೇ ಇದೆ. ಹೆದ್ದಾರಿಗೆ ಹೊಂದಿಕೊಂಡ ಆ ಶಾಲೆಯ ಹೊಸ ಕಾನ್‌ಸ್ಟೆಬಲ್‌ಗಳಿಗೆ ಹಳೆಯ ಯುಡಿಆರ್ ಕಡತವೊಂದನ್ನು ಕೊಟ್ಟು ಓದಿಸಿ, ದೇಶದ ಕಾಣೆಯಾದವರ ಪಟ್ಟಿಯ ಜೊತೆ ಹೋಲಿಸಲು ಹಚ್ಚಿದರೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ.

ಹೊಸದುರ್ಗ, ಹೊಳಲ್ಕೆರೆಯ ಯಾವುದೇ ಊರಿನಲ್ಲಿ ಲಾರಿ ಹತ್ತಿ ಹೋದ ಮಗನೋ ಕೆಲಸಕ್ಕೆಂದು ಹೋದ ಮಗಳೋ ಬಾರದ ಮನೆ ಇದ್ದರೆ ಅವರಿಗೆ ತಿಳಿದಿರಬೇಕಾದದ್ದು ಕೆಲವಿದೆ. ಕೊಲೆಗೆ ಕಾಲಮಿತಿಯಿಲ್ಲ, ಮೂರು ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧಗಳಿಗೆ ಮಾತ್ರ ಅದು. ಸಿ ರಿಪೋರ್ಟ್ ಹಾಕಿದ ಕಡತವನ್ನೂ ಹೊಸ ಸುಳಿವು ಬಂದರೆ ಮತ್ತೆ ತೆರೆಯಲು ಕಾನೂನಿನಲ್ಲಿ ದಾರಿಯಿದೆ. ಹಿಂದೆ ದೂರು ಕೊಟ್ಟಿದ್ದರೆ ಅದರ ಕ್ರೈಂ ನಂಬರು ಮತ್ತು ವರ್ಷವನ್ನು ಬರೆದಿಟ್ಟುಕೊಳ್ಳಬೇಕು. ಕೊಡದಿದ್ದರೆ ಈಗಲೂ ಕೊಡಬಹುದು. ಕಾಣೆಯಾದವರ ಹಳೆಯ ಫೋಟೊ, ಹಲ್ಲಿನ ಚಿಕಿತ್ಸೆಯ ಚೀಟಿ, ಮೂಳೆ ಮುರಿದಾಗಿನ ಎಕ್ಸ್‌ರೇ ಇದ್ದರೆ ಎಸೆಯಬಾರದು. ಮತ್ತು ತಂದೆತಾಯಿ ಬದುಕಿರುವಾಗಲೇ ಡಿಎನ್‌ಎಗೆ ರಕ್ತದ ಮಾದರಿ ತೆಗೆದುಕೊಳ್ಳಿ ಎಂದು ಠಾಣೆಗೆ ಲಿಖಿತವಾಗಿ ಕೇಳಬೇಕು. ಮೂಳೆ ಮಣ್ಣಿನಲ್ಲಿ ನೂರು ವರ್ಷ ಕಾಯಬಲ್ಲದು. 1990ರ ದಶಕದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.